ಅಪ್‌ಡೇಟ್: ಅಣ್ಣನ ತೊಡೆಯ ಸ್ನಾಯು ಕೊನೆಗೂ ಸ್ಪಂದಿಸಿತು
ಬೆನ್ನುಮೂಳೆಯ ಟಿ12 ಮಟ್ಟದಲ್ಲಿ (ಎದೆಭಾಗದ ಕೊನೆಯ ಕಶೇರುವಿನ ಬಳಿ) ಪೆಟ್ಟಾಗಿರುವ ಅಣ್ಣನ ತೊಡೆಗಳು, ಚರ್ಮಕ್ಕೆ ಅಂಟಿಸಿದ ಪ್ಯಾಡ್‌ಗಳ ಮೂಲಕ ಸ್ನಾಯು ಕುಗ್ಗಿಸಲು ಕೊಡುವ ವಿದ್ಯುತ್ ಪ್ರಚೋದನೆಗೆ ಏಕೆ ಸ್ಪಂದಿಸುತ್ತಿಲ್ಲವೆಂದು ಕೇಳಿದ್ದೆ. ಪ್ಯಾಡ್ ಬದಲಿಸಿದ್ದರಿಂದಲೂ ಕರೆಂಟ್ ಹೆಚ್ಚಿಸಿದ್ದರಿಂದಲೂ ಪ್ರಯೋಜನವಾಗಲಿಲ್ಲ. ಫಲ ಕೊಟ್ಟದ್ದು, ಸ್ನಾಯುವಿಗೆ ಹೋಗುವ ನರ ಜೀವಂತವಾಗಿದೆಯೇ ಎಂದು ಮೊದಲು ಪರೀಕ್ಷೆ ಮಾಡಿಸಿ ಎಂದವರ ಸಲಹೆ. ಅವರಿಗೆ ಮನಃಪೂರ್ವಕ ಧನ್ಯವಾದಗಳು. ಸಾಮಾನ್ಯ ಯಂತ್ರಗಳು ಸ್ನಾಯುವನ್ನು ನರದ ಮೂಲಕವೇ ಕುಗ್ಗಿಸುತ್ತವೆ, ಆದ್ದರಿಂದ ಬೆನ್ನುಹುರಿಯ ತುದಿಗೆ ಹಾನಿಯಾಗಿ ಆ ನರಗಳು ಸತ್ತಿದ್ದರೆ ಆ ಯಂತ್ರಗಳ ಸುಮಾರು 300 ಮೈಕ್ರೊಸೆಕೆಂಡಿನ ವಿದ್ಯುತ್ ಮಿಡಿತ ಸಾಲುವುದಿಲ್ಲ ಎಂಬುದು ನಮಗೆ ಹೊಸ ವಿಷಯವಾಗಿತ್ತು. ಅಣ್ಣನಿಗೆ ಆಗಿದ್ದೂ ಅದೇ. ಫಿಸಿಯೋಥೆರಪಿಸ್ಟ್ 100 ಮಿಲಿಸೆಕೆಂಡಿಗಿಂತ ದೀರ್ಘವಾದ ಮಿಡಿತ ಕೊಡುವ ಬೇರೆ ಯಂತ್ರವನ್ನು ಬಳಸಿದಾಗ ತೊಡೆ ನಿಧಾನವಾಗಿ ಬಿಗಿಯಿತು, ಅಣ್ಣನಿಗಾದ ಸಂತೋಷ ಅಷ್ಟಿಷ್ಟಲ್ಲ. ಇದರಿಂದ ನಡಿಗೆ ಮರಳದು. ಸ್ನಾಯು ಸೊರಗದಂತೆ ಕಾಪಾಡುವುದೇ ಗುರಿ. ಸ್ಪರ್ಶಜ್ಞಾನವಿಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲವಾದ್ದರಿಂದ, ಪ್ರತಿ ಬಾರಿಯೂ ಪ್ಯಾಡ್ ತೆಗೆದು ಚರ್ಮವನ್ನು ತಪ್ಪದೇ ಪರೀಕ್ಷಿಸಿ.