ಗ್ಲಾಸ್ ಬದಲಿಸಿದ ಮೇಲೆ ಕಾರು ಎಡಗೆರೆಗೇ ಅಂಟಿಕೊಂಡು ಹೋಗುತ್ತಿದೆ, ಕ್ಯಾಲಿಬ್ರೇಷನ್ ಎರಡು ಸಲ ಫೇಲ್ (ಬಳ್ಳಾರಿ)

ಕೋಟೆಗುಡ್ಡ_ಬಳ್ಳಾರಿ | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ.

ಗಾಡಿ ಎರಡು ವರ್ಷದ ಡೀಸೆಲ್ ಎಸ್‌ಯುವಿ. ಅಡಾಸ್ ಇದೆ, ಅಂದರೆ ರಸ್ತೆ ನೋಡಿಕೊಂಡು ಓಡಿಸುವವನಿಗೆ ಗಾಡಿಯೇ ನೆರವಾಗುವ ವ್ಯವಸ್ಥೆ. ಕನ್ನಡಿ ಹಿಂದೆ ಗ್ಲಾಸಿಗೆ ಒಂದು ಕ್ಯಾಮೆರಾ, ಮುಂದಿನ ಬಂಪರ್ ಒಳಗೆ ಒಂದು ರಾಡಾರ್. ಕಳೆದ ತಿಂಗಳು ಕುಡಿತಿನಿ ದಾಟಿ ತೋರಣಗಲ್ಲು ಕಡೆ ಹೋಗುವಾಗ ಮುಂದಿದ್ದ ಅದಿರು ಟಿಪ್ಪರ್ ಚಕ್ರದಿಂದ ಕಲ್ಲು ಹಾರಿ ಗ್ಲಾಸಿಗೆ ಬಡಿಯಿತು. ಬೆಳಗ್ಗೆ ಕಡಲೆಕಾಳಷ್ಟಿದ್ದ ಚುಕ್ಕೆ ಸಂಜೆಗೆ ಈ ಕಡೆಯಿಂದ ಆ ಕಡೆಗೆ ಬಿರುಕು. ಊರಲ್ಲೇ ಒಂದು ಅಂಗಡಿಯಲ್ಲಿ ಹೊಸ ಗ್ಲಾಸ್ ಹಾಕಿಸಿದೆ. ಕ್ಯಾಮೆರಾ ಬಿಚ್ಚಿ ಅದೇ ಜಾಗಕ್ಕೆ ಕೂರಿಸಿದರು. "ಏನೂ ಆಗಲ್ಲ ಸರ್, ಆರಾಮಾಗಿ ಓಡಿಸಿ" ಅಂದರು.

ಈಗಿನ ಕಷ್ಟ: ಲೇನ್ ಅಸಿಸ್ಟ್ (ಗಾಡಿಯನ್ನು ಲೇನಿನೊಳಗೇ ಇಡುವುದು) ಆನ್ ಇದ್ದರೆ ಗಾಡಿ ಎಡಗಡೆ ಬಿಳಿ ಗೆರೆಯನ್ನೇ ಸವರಿಕೊಂಡು ಹೋಗುತ್ತದೆ. ಆಗಾಗ ಮೀಟರಿನಲ್ಲಿ ಮುಂದಿನ ಕ್ಯಾಮೆರಾ ಲಭ್ಯವಿಲ್ಲ ಅಂತ ಬರುತ್ತದೆ. ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ) ತಪ್ಪಿರಬೇಕು ಅಂದುಕೊಂಡು ಅದನ್ನೂ ಮಾಡಿಸಿದೆ. ಆಮೇಲೆ ಸರ್ವಿಸ್ ಸೆಂಟರಿನಲ್ಲಿ ಕ್ಯಾಲಿಬ್ರೇಷನ್ (ಕ್ಯಾಮೆರಾಕ್ಕೆ ಸರಿಯಾದ ದಿಕ್ಕು ಕಲಿಸುವುದು) ಮಾಡಲು ಹೋದರೆ ಎರಡು ಸಲವೂ ಅರ್ಧಕ್ಕೇ ನಿಂತಿತು. ಈಗ ಗ್ಲಾಸೇ ಸರಿ ಇಲ್ಲ, ಕಂಪನಿ ಗ್ಲಾಸ್ ಹಾಕಿಸಿ ಅನ್ನುತ್ತಿದ್ದಾರೆ. ಮತ್ತೆ ಅಷ್ಟು ದುಡ್ಡು ಸುರಿಯಬೇಕಾ?

ಅಲೈನ್‌ಮೆಂಟ್_ಅಣ್ಣ_ಕೊಪ್ಪಳ | ಭಾನುವಾರ, ರಾತ್ರಿ 10:25

ದುಡ್ಡು ಬಿಚ್ಚಬೇಡಿ, ತಡೆಯಿರಿ. ನಾನು ಅಲೈನ್‌ಮೆಂಟ್ ಕೆಲಸದವನೇ.

ಮೊದಲು ಒಂದು ಸಣ್ಣ ಪರೀಕ್ಷೆ. ಲೇನ್ ಅಸಿಸ್ಟ್ ಪೂರ್ತಿ ಆಫ್ ಮಾಡಿ. ಖಾಲಿ ನೇರ ರಸ್ತೆಯಲ್ಲಿ 60ರಲ್ಲಿ ಹೋಗಿ, ಸ್ಟೇರಿಂಗ್ ಹಗುರವಾಗಿ ಹಿಡಿಯಿರಿ. ಆಗಲೂ ಎಡಕ್ಕೆ ಎಳೆದರೆ ತಪ್ಪು ಚಕ್ರದ್ದು, ಟೈರಿನದ್ದು. ಎಳೆಯದಿದ್ದರೆ ಕ್ಯಾಮೆರಾದ್ದು. ಮಳೆನೀರು ಹರಿಯಲಿ ಅಂತ ರಸ್ತೆಯನ್ನೇ ಅಂಚಿಗೆ ಸ್ವಲ್ಪ ಇಳಿಜಾರು ಮಾಡಿರುತ್ತಾರೆ, ಹಾಗಾಗಿ ತುಸು ಎಡಕ್ಕೆ ವಾಲಿದರೆ ಗಾಬರಿ ಬೇಡ.

ಗ್ಲಾಸ್ ಅಂಗಡಿಯವರು ಏನೂ ಆಗಲ್ಲ ಅಂದಿದ್ದು ತಪ್ಪು. ಕ್ಯಾಮೆರಾ ಕೂರುವ ಬ್ರಾಕೆಟ್ ಗ್ಲಾಸಿಗೇ ಅಂಟಿರುತ್ತದೆ. ಹೊಸ ಗ್ಲಾಸಿನಲ್ಲಿ ಅದು ಕೂದಲೆಳೆಯಷ್ಟು ಆಚೀಚೆ ಇದ್ದರೂ ಲೆಕ್ಕ ಕೆಡುತ್ತದೆ. ಒಂದು ಡಿಗ್ರಿ ತಿರುಗಿದ್ದರೆ 50 ಮೀಟರ್ ದೂರದಲ್ಲಿ 87 ಸೆಂಟಿಮೀಟರ್ ತಪ್ಪು, 100 ಮೀಟರಿನಲ್ಲಿ 1.75 ಮೀಟರ್. ಹೆದ್ದಾರಿಯ ಒಂದು ಲೇನ್ ಅಗಲ 3.5 ಮೀಟರ್. ಅಂದರೆ ಅರ್ಧ ಲೇನ್ ಹೋಯಿತು. ಪಕ್ಕದ ಲಾರಿಯನ್ನು ನಿಮ್ಮ ಮುಂದೆಯೇ ಇದೆ ಅಂದುಕೊಳ್ಳಬಹುದು, ಮುಂದಿರುವುದನ್ನು ಬಿಟ್ಟೇಬಿಡಬಹುದು.

ಅಲ್ಲಿಯವರೆಗೆ ಲೇನ್ ಅಸಿಸ್ಟ್ ಮತ್ತು ಅಡಾಪ್ಟಿವ್ ಕ್ರೂಸ್ (ಮುಂದಿನ ಗಾಡಿ ನೋಡಿ ತಾನೇ ವೇಗ ಹೊಂದಿಸುವುದು) ಎರಡನ್ನೂ ಮುಟ್ಟಬೇಡಿ. ಕ್ಯಾಮೆರಾ ಜಾಗದ ಫೋಟೋ ಹಾಕಿ, ಹೊರಗಿನಿಂದ ಒಂದು, ಒಳಗಿನಿಂದ ಒಂದು.

ರಾಯಚೂರು_ಬಿಸಿಲು | ಸೋಮವಾರ, ಬೆಳಗ್ಗೆ 7:10

ಕ್ಯಾಮೆರಾ ಲಭ್ಯವಿಲ್ಲ ಅಂತ ನನಗೂ ಬರುತ್ತಿತ್ತು. ನಮ್ಮೂರಿನ ಮೇ ತಿಂಗಳು ಗೊತ್ತಲ್ವಾ? ಬಿಸಿಲಿಗೆ ನಿಲ್ಲಿಸಿ ಮಧ್ಯಾಹ್ನ ತೆಗೆದರೆ ಗ್ಲಾಸಿನ ಹಿಂದೆ ಕ್ಯಾಮೆರಾ ಕಾದು ತಾನೇ ಆಫ್ ಆಗಿರುತ್ತದೆ. ಎಸಿ ಹಾಕಿ ಹತ್ತು ನಿಮಿಷ ಓಡಿಸಿದರೆ ಸರಿ ಹೋಗುತ್ತದೆ. ನಿಮ್ಮದು ಬೆಳಗಿನ ತಂಪಿನಲ್ಲೂ ಬರುತ್ತದಾ?

ಇನ್ನೊಂದು ವಿಷಯ, ನಗಬೇಡಿ. ಆಯುಧ ಪೂಜೆ ದಿನ ನಾನು ಚೆಂಡುಹೂವಿನ ದಪ್ಪ ಹಾರ ಕಟ್ಟಿ, ಮುಂದಿನ ಲೋಗೋಗೆ ವಿಭೂತಿ ಕುಂಕುಮ ಚೆನ್ನಾಗಿ ಬಳಿದೆ. ಬೈಪಾಸ್ ಸೇರುವಷ್ಟರಲ್ಲಿ ರಾಡಾರ್ ಮುಚ್ಚಿಕೊಂಡಿದೆ ಅಂತ ಹಳದಿ ದೀಪ. ನನ್ನ ಗಾಡಿಯಲ್ಲಿ ರಾಡಾರ್ ಇರುವುದೇ ಆ ಲೋಗೋ ಹಿಂದೆ! ಈಗ ಕುಂಕುಮ ಬಾನೆಟ್ ಮೇಲೆ, ನಿಂಬೆಹಣ್ಣು ಮೆಣಸಿನಕಾಯಿ ಒಂದು ಮೂಲೆಗೆ.

ಕೋಟೆಗುಡ್ಡ_ಬಳ್ಳಾರಿ | ಸೋಮವಾರ, ರಾತ್ರಿ 8:55

ಪರೀಕ್ಷೆ ಮಾಡಿದೆ ಅಣ್ಣಾ. ಆಫ್ ಮಾಡಿದರೆ ಗಾಡಿ ನೇರ ಹೋಗುತ್ತದೆ. ಆದರೆ ನೇರ ಹೋಗುವಾಗ ಸ್ಟೇರಿಂಗ್ ಮಾತ್ರ ಸ್ವಲ್ಪ ಬಲಕ್ಕೆ ವಾಲಿರುತ್ತದೆ. ಅಲೈನ್‌ಮೆಂಟ್ ಮಾಡಿಸಿದ ಮೇಲೆ ಹೀಗೆ.

ಬಿಸಿಲಿನವರೇ, ಬೆಳಗ್ಗೆ ಆರು ಗಂಟೆಗೂ ಬರುತ್ತದೆ. ಹೂವಿನ ಹಾರ ಯಾವುದೂ ಇಲ್ಲ. ಫೋಟೋ ಹಾಕಿದ್ದೇನೆ.

ಗಂಗಾವತಿ_ಗೇರ್ | ಸೋಮವಾರ, ರಾತ್ರಿ 9:20

ಎರಡನೇ ಫೋಟೋ ದೊಡ್ಡದು ಮಾಡಿ ನೋಡಿ. ಫಾಸ್ಟ್ಯಾಗ್ ಎಲ್ಲಿ ಅಂಟಿಸಿದ್ದೀರಿ? ಅದರ ಬಲ ಮೂಲೆ ಕ್ಯಾಮೆರಾ ಹೊರಗೆ ನೋಡುವ ತ್ರಿಕೋನ ಜಾಗದೊಳಕ್ಕೇ ನುಗ್ಗಿದೆ. ಗ್ಲಾಸ್ ಹೋದಾಗ ಹಳೆಯ ಟ್ಯಾಗ್ ಹರಿದಿರುತ್ತದೆ, ಹೊಸದನ್ನು ಕನ್ನಡಿ ಹಿಂದೆ ಅಂತ ಸುಮ್ನೆ ಅಂಟಿಸಿರುತ್ತಾರೆ. ಅಡಾಸ್ ಇಲ್ಲದ ಕಾಲದಲ್ಲಿ ಅದೇ ಸರಿಯಾದ ಜಾಗ. ಈಗ ಅಲ್ಲೇ ಕ್ಯಾಮೆರಾ ಕೂತಿದೆ.

ಅಲೈನ್‌ಮೆಂಟ್_ಅಣ್ಣ_ಕೊಪ್ಪಳ | ಸೋಮವಾರ, ರಾತ್ರಿ 10:05

ಗೇರ್ ಅವರ ಕಣ್ಣಿಗೆ ದೃಷ್ಟಿ ತೆಗೀಬೇಕು. ಅದು ಮೊದಲನೆಯ ಗಾಯ. ಕಿತ್ತರೆ ಟ್ಯಾಗ್ ಹಾಳಾಗುತ್ತದೆ, ಹೊಸದು ತರಿಸಿ ಕ್ಯಾಮೆರಾದಿಂದ ಒಂದು ಗೇಣು ಪಕ್ಕಕ್ಕೆ ಹಾಕಿಸಿ. ಉಳಿದ ಅಂಟನ್ನು ಬ್ಲೇಡಿನಿಂದ ಕೆರೆಯಬೇಡಿ.

ಎರಡನೆಯದು ಸ್ಟೇರಿಂಗ್. ನೇರ ಹೋಗುವಾಗ ಅದು ವಾಲಿದೆ ಅಂದರೆ ನಿಮ್ಮ ಅಲೈನ್‌ಮೆಂಟ್ ಅರ್ಧ ಆಗಿದೆ. ಸ್ಟೇರಿಂಗ್ ಎಷ್ಟು ತಿರುಗಿದೆ ಅಂತ ಹೇಳಲು ಒಂದು ಸೆನ್ಸರ್ ಇದೆ. ಅದಕ್ಕೆ ಸೊನ್ನೆ ಎಲ್ಲಿ ಅಂತ ಸ್ಕ್ಯಾನರಿನಿಂದ ಹೇಳಿಕೊಡಬೇಕು. ಹಾಗೆ ಮಾಡದಿದ್ದರೆ ಗಾಡಿ ನೇರ ಹೋಗುವಾಗಲೂ ಬಲಕ್ಕೆ ತಿರುಗಿಸುತ್ತಿದ್ದಾರೆ ಅಂತ ಕಂಪ್ಯೂಟರ್ ತಿಳಿಯುತ್ತದೆ. ಹಿಂದಿನ ಚಕ್ರಗಳ ಕೋನವನ್ನೂ ನೋಡಿಸಿ. ಗಾಡಿ ನಿಜವಾಗಿ ಯಾವ ದಿಕ್ಕಿಗೆ ಓಡುತ್ತದೆ ಅನ್ನುವುದು ಹಿಂದಿನ ಚಕ್ರಗಳ ಕೈಯಲ್ಲಿದೆ. ಕ್ಯಾಮೆರಾ, ರಾಡಾರ್ ಎರಡೂ ಆ ಗೆರೆಯನ್ನೇ ನೆಚ್ಚಿಕೊಳ್ಳುತ್ತವೆ.

ಹಾಗಾಗಿ ಕ್ರಮ ಹೀಗೆ: ಟೈರ್ ಗಾಳಿ, ಅಲೈನ್‌ಮೆಂಟ್, ಸ್ಟೇರಿಂಗ್ ಸೊನ್ನೆ, ಕೊನೆಗೆ ಕ್ಯಾಮೆರಾ. ಕ್ಯಾಮೆರಾ ಮೊದಲು ಮಾಡಿ ಆಮೇಲೆ ಅಲೈನ್‌ಮೆಂಟ್ ಮುಟ್ಟಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಈಗ ಹೇಳಿ, ಕ್ಯಾಲಿಬ್ರೇಷನ್ ಫೇಲ್ ಆದಾಗ ಗಾಡಿ ಎಲ್ಲಿ ನಿಂತಿತ್ತು? ಡಿಕ್ಕಿಯಲ್ಲಿ ಏನಿತ್ತು?

ಕೋಟೆಗುಡ್ಡ_ಬಳ್ಳಾರಿ | ಮಂಗಳವಾರ, ಮಧ್ಯಾಹ್ನ 1:30

ವಾಟರ್ ವಾಶ್ ಪಕ್ಕದ ಬೇಯಲ್ಲಿ ನಿಂತಿತ್ತು. ಮುಂದೆ ಕಪ್ಪು ಬಿಳುಪು ಚೌಕಗಳ ಬೋರ್ಡ್ ಇಟ್ಟಿದ್ದರು. ಡಿಕ್ಕಿಯಲ್ಲಿ ಸಿರುಗುಪ್ಪದಿಂದ ತಂದ ಅಕ್ಕಿ, 25 ಕೆಜಿಯ ಆರು ಚೀಲ. ಮನೆಯಲ್ಲಿ ಇಳಿಸಿಕೊಳ್ಳಲು ಯಾರೂ ಇರಲಿಲ್ಲ, ಹಾಗೇ ಹೋದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಅಲೈನ್‌ಮೆಂಟ್_ಅಣ್ಣ_ಕೊಪ್ಪಳ | ಮಂಗಳವಾರ, ಮಧ್ಯಾಹ್ನ 2:15

ಅಯ್ಯೋ ಮಹಾರಾಯರೇ! 150 ಕೆಜಿ ಹಿಂದೆ ಕೂತರೆ ಗಾಡಿ ಮೂತಿ ಮೇಲೆತ್ತುತ್ತದೆ. ಟೇಪ್ ಹಿಡಿದು ಅಳೆಯಿರಿ: ಹಿಂದಿನ ಚಕ್ರದ ಕಮಾನಿನಿಂದ ನೆಲಕ್ಕೆ ಎಷ್ಟು, ಚೀಲ ಇದ್ದಾಗ ಮತ್ತು ಇಲ್ಲದಾಗ. ಎರಡೂವರೆ ಸೆಂಟಿಮೀಟರ್ ಇಳಿದಿದ್ದರೂ ಕ್ಯಾಮೆರಾ ಸುಮಾರು ಅರ್ಧ ಡಿಗ್ರಿ ಆಕಾಶ ನೋಡುತ್ತದೆ. ಅದರ ಮೇಲೆ ವಾಶ್ ಪಕ್ಕದ ನೆಲ ನೀರು ಹರಿಯಲು ಇಳಿಜಾರು ಇರುತ್ತದೆ. ಬೋರ್ಡ್ ಇರಬೇಕಾದ ಎತ್ತರದಲ್ಲಿ ಕಾಣದಿದ್ದರೆ ಯಂತ್ರ ಒಪ್ಪುವುದಿಲ್ಲ.

ಹಾಗೆ ಫೇಲ್ ಆಗಿದ್ದೇ ಒಳ್ಳೆಯದಾಯಿತು. ಅಕ್ಕಿ ಸಮೇತ ಪಾಸ್ ಆಗಿದ್ದರೆ, ಚೀಲ ಇಳಿಸಿದ ಮೇಲೆ ಮುಂದಿನ ಗಾಡಿ ಇರುವುದಕ್ಕಿಂತ ದೂರ ಇದೆ ಅಂತ ಲೆಕ್ಕ ಹಾಕುತ್ತಿತ್ತು. ಬ್ರೇಕ್ ತಡ.

ಮುಂದಿನ ಸಲ ಡಿಕ್ಕಿ ಖಾಲಿ ಇರಲಿ. ಟೈರ್ ಗಾಳಿ ಡೋರ್ ಪಕ್ಕದ ಚೀಟಿಯಲ್ಲಿ ಇದ್ದಷ್ಟು. ಮಟ್ಟವಾದ ನೆಲ ಕೇಳಿ. ಬೋರ್ಡ್ ಮೇಲೆ ಬಿಸಿಲು ಬೀಳಬಾರದು, ಗಾಡಿ ಒಳಗೆ ಯಾರೂ ಕೂತಿರಬಾರದು. ಬ್ಯಾಟರಿಗೆ ಚಾರ್ಜರ್ ಹಾಕಿಸಿ, ವೋಲ್ಟೇಜ್ ಬಿದ್ದರೂ ಅರ್ಧಕ್ಕೇ ನಿಲ್ಲುತ್ತದೆ.

ಕೆಲವು ಗಾಡಿಗಳಿಗೆ ಬೋರ್ಡ್ ಆದ ಮೇಲೆ ರಸ್ತೆಯಲ್ಲೂ ಓಡಿಸಿ ಕಲಿಸಬೇಕು. ಅದಕ್ಕೆ ಗೆರೆ ಸ್ಪಷ್ಟ ಇರುವ ರಸ್ತೆ ಬೇಕು. ಅದಿರು ಲಾರಿ ಓಡುವ ದಾರಿಯಲ್ಲಿ ಬಿಳಿ ಗೆರೆಯೇ ಕೆಂಪಾಗಿರುತ್ತದೆ, ಅಲ್ಲಿ ಸುತ್ತಿ ಡೀಸೆಲ್ ಸುಡಬೇಡಿ. ನಾನಾದರೆ ಹೊಸಪೇಟೆ ದಾಟಿ ಕುಷ್ಟಗಿ ಕಡೆಯ 50ನೇ ನಂಬರ್ ಹೆದ್ದಾರಿಗೆ ಹೋಗುತ್ತೇನೆ. ಬೆಳಗ್ಗೆ ಬೇಗ, ಸೂರ್ಯ ಕಣ್ಣಿಗೆ ಹೊಡೆಯದ ದಿಕ್ಕಿನಲ್ಲಿ.

ಗಂಗಾವತಿ_ಗೇರ್ | ಮಂಗಳವಾರ, ಸಂಜೆ 6:40

ಧೂಳಿನ ಬಗ್ಗೆ ಒಂದು ಮಾತು. ಬಳ್ಳಾರಿ ಕೆಂಪು ಧೂಳನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಗ್ಲಾಸಿಗೆ ಗೀರು ಬೀಳುತ್ತದೆ, ರಾತ್ರಿ ಎದುರಿನ ಲೈಟು ಆ ಗೀರಿನಲ್ಲೇ ಚದುರುತ್ತದೆ. ಮೊದಲು ನೀರು ಬಿಡಿ, ಆಮೇಲೆ ಮೆತ್ತನೆ ಬಟ್ಟೆ. ವೈಪರ್ ರಬ್ಬರ್ ಒರಟಾಗಿದ್ದರೆ ಬದಲಿಸಿ, ಕ್ಯಾಮೆರಾ ನೋಡುವುದು ವೈಪರ್ ಒರೆಸಿದ ಜಾಗದಿಂದಲೇ.

ಬಂಪರ್ ಸೆನ್ಸರ್‌ಗಳಿಗೆ ಪ್ರೆಶರ್ ಗನ್ ಹತ್ತಿರ ಹಿಡಿಯಲು ಬಿಡಬೇಡಿ, ಒಂದು ಅಡಿ ದೂರ ಇರಲಿ. ಪಾರ್ಕಿಂಗ್ ಸೆನ್ಸರ್ ಬದುಕಿದೆಯಾ ಅಂತ ತಿಳಿಯಲು ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಇಟ್ಟು, ಇಗ್ನಿಷನ್ ಆನ್ ಮಾಡಿ ರಿವರ್ಸ್ ಹಾಕಿ. ಹಿಂದೆ ಹೋಗಿ ಒಂದೊಂದೇ ಗುಂಡಿಯ ಮೇಲೆ ಬೆರಳ ತುದಿ ಇಡಿ. ಟಿಕ್ ಟಿಕ್ ಅಂತ ಸಣ್ಣಗೆ ಮಿಡಿಯುತ್ತದೆ. ಸತ್ತದ್ದು ಸುಮ್ನಿರುತ್ತದೆ.

ಕೋಟೆಗುಡ್ಡ_ಬಳ್ಳಾರಿ | ಶನಿವಾರ, ರಾತ್ರಿ 8:15

ಆಯಿತು! ಅಳೆದು ನೋಡಿದೆ, ಅಣ್ಣ ಹೇಳಿದ ಹಾಗೇ ಹಿಂದೆ ಎರಡೂವರೆ ಸೆಂಟಿಮೀಟರಿಗೆ ಒಂದು ನೂಲು ಜಾಸ್ತಿಯೇ ಇಳಿದಿತ್ತು. ಅಕ್ಕಿ ಇಳಿಸಿದೆ. ಫಾಸ್ಟ್ಯಾಗ್ ಪಕ್ಕಕ್ಕೆ ಹೋಯಿತು, ಅವತ್ತೇ ಕ್ಯಾಮೆರಾ ಲಭ್ಯವಿಲ್ಲ ಅನ್ನುವುದು ನಿಂತಿತು. ಬೇರೆ ಕಡೆ ಅಲೈನ್‌ಮೆಂಟ್ ಮಾಡಿಸಿ ಸ್ಟೇರಿಂಗ್ ಸೊನ್ನೆ ಹಾಕಿಸಿದೆ. ಸರ್ವಿಸ್ ಸೆಂಟರಿನಲ್ಲಿ ಮಟ್ಟದ ನೆಲ ಕೇಳಿದಾಗ ಮೊದಲು ಮುಖ ನೋಡಿದರು, ಆಮೇಲೆ ಒಳಗಿನ ಬೇ ಕೊಟ್ಟರು. ಅದೇ ಗ್ಲಾಸಿನಲ್ಲಿ ಮೊದಲ ಸಲಕ್ಕೇ ಪಾಸ್. ಇವತ್ತು ಬೆಳಗ್ಗೆ ಹೊಸಪೇಟೆಯಿಂದ ಕುಷ್ಟಗಿವರೆಗೆ ಓಡಿಸಿದೆ, ಗಾಡಿ ಲೇನಿನ ನಡುವೆಯೇ ನಿಲ್ಲುತ್ತದೆ.

ಒಂದು ಪ್ರಶ್ನೆ ಉಳಿದಿದೆ. ಹಿಂದಿನ ಬಂಪರ್ ಮೂಲೆಯಲ್ಲಿ ಗೀರು ಇದೆ. ಪುಟ್ಟಿ (ಗೀರು ತುಂಬುವ ಲೇಪ) ಹಾಕಿಸಿ ಪೇಂಟ್ ಮಾಡಿಸಬಹುದಾ?

ಅಲೈನ್‌ಮೆಂಟ್_ಅಣ್ಣ_ಕೊಪ್ಪಳ | ಶನಿವಾರ, ರಾತ್ರಿ 9:00

ಬ್ಲೈಂಡ್ ಸ್ಪಾಟ್ (ಕನ್ನಡಿಯಲ್ಲಿ ಕಾಣದ ಪಕ್ಕದ ಜಾಗ) ಎಚ್ಚರಿಕೆ ಇದ್ದರೆ ಆ ಮೂಲೆಯ ಒಳಗೇ ರಾಡಾರ್ ಇರುತ್ತದೆ. 77 ಗಿಗಾಹರ್ಟ್ಸ್ ರಾಡಾರಿನ ಅಲೆಯ ಉದ್ದ ಸುಮಾರು 4 ಮಿಲಿಮೀಟರ್ ಅಷ್ಟೇ. ಪುಟ್ಟಿ ದಪ್ಪ ಬಳಿದರೆ, ಮೇಲೆ ಲೋಹದ ಪುಡಿ ಇರುವ ಮೆಟಾಲಿಕ್ ಪೇಂಟ್ ಎರಡು ಮೂರು ಕೋಟ್ ಹೊಡೆದರೆ ಅದಕ್ಕೆ ದಾರಿ ಇಲ್ಲ. ಬರೀ ಗೀರು ತಾನೇ? ಪಾಲಿಶ್ ಮಾಡಿಸಿ ಬಿಟ್ಟುಬಿಡಿ. ಗ್ಲಾಸಿಗೆ ಇನ್ಶೂರೆನ್ಸ್ ಕ್ಲೇಮ್ ಇನ್ನೂ ಮುಗಿದಿಲ್ಲದಿದ್ದರೆ ಕ್ಯಾಲಿಬ್ರೇಷನ್ ಬಿಲ್ಲನ್ನೂ ಸೇರಿಸಿ ಕೇಳಿ ನೋಡಿ.

ರಾಯಚೂರು_ಬಿಸಿಲು | ಶನಿವಾರ, ರಾತ್ರಿ 9:12

ಅಕ್ಕಿ ಹಳೆಯದಾ ಹೊಸದಾ ಅಂತ ಯಾರೂ ಕೇಳಲೇ ಇಲ್ಲ.

ಕೋಟೆಗುಡ್ಡ_ಬಳ್ಳಾರಿ | ಶನಿವಾರ, ರಾತ್ರಿ 9:20

ಹೊಸದು ರೀ. ಅನ್ನ ಮುದ್ದೆ ಆಗುತ್ತಿದೆ ಅಂತ ಮನೆಯಲ್ಲಿ ಬೈಗುಳ ಬೇರೆ.