‘ಹೈಪ್’ಗೆ ‘ಉಮೇದು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ವಿಡಿಯೋ ಗೇಮ್ ಆಡುವ ಹುಡುಗರ ಬಾಯಲ್ಲಿ ಮಾತೆತ್ತಿದರೆ ಬರುವ ‘ಹೈಪ್’ ಅನ್ನುವ ಪದಕ್ಕೆ ಒಂದು ಆಡುಮಾತಿನ ಕನ್ನಡ ಬೇಕಾಗಿದೆ. ನನ್ನ ಮನಸ್ಸಿನಲ್ಲಿರುವುದು ‘ಉಮೇದು’. ಆದರೆ ಒಂದು ಅನುಮಾನ ಕಾಡುತ್ತಿದೆ. ಅದನ್ನು ಕೇಳುವುದಕ್ಕೇ ಈ ಪತ್ರ.

ಯಾಕೆ ಬೇಕು ಅಂದರೆ, ಅಕ್ಕನ ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನೂ ಅವನ ರೂಮಿನ ಹುಡುಗರೂ ಸೇರಿಕೊಂಡು ಹೊಸ ಗೇಮ್‌ಗಳ ಬಗ್ಗೆ ಯೂಟ್ಯೂಬ್‌ನಲ್ಲಿ ಕನ್ನಡದಲ್ಲಿ ಹರಟುತ್ತಾರೆ. ನಡುನಡುವೆ ತೋರಿಸುವ ಇಂಗ್ಲಿಷ್ ತುಣುಕುಗಳಿಗೆ ಅಡಿಬರಹ ಬರೆಯುವುದು ಸಾಗರದಲ್ಲಿ ಕೂತ ನಾನು. “ಕನ್ನಡದಲ್ಲೇ ಬರಿ ಚಿಕ್ಕಿ, ಆದ್ರೆ ಪಾಠದ ಪುಸ್ತಕದ ಕನ್ನಡ ಬೇಡ” ಅನ್ನುವುದು ಅವನ ಷರತ್ತು. ಹಾಗಾಗಿ ‘ಉತ್ಪ್ರೇಕ್ಷೆ’, ‘ಅತಿ ನಿರೀಕ್ಷೆ’ ಎರಡೂ ಬಾಗಿಲಲ್ಲೇ ವಾಪಸ್ ಹೋದವು.

ಗೇಮ್ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ದೊಡ್ಡ ಕಂಪನಿಗಳು ಮುಂದೆ ಬರುವ ಗೇಮ್‌ಗಳ ತುಣುಕುಗಳನ್ನು ವೇದಿಕೆ ಹಾಕಿ ತೋರಿಸುತ್ತವೆ. ಮೊದಲು ಇದಕ್ಕೆ ‘ಇ ತ್ರೀ’ ಅನ್ನುವ ಜಾತ್ರೆ ಇತ್ತು. 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿದ್ದು, 2023ರ ಡಿಸೆಂಬರಲ್ಲಿ ಶಾಶ್ವತವಾಗಿ ನಿಂತಿತು. ಈಗ ಜೂನ್‌ನಲ್ಲಿ ಸಮ್ಮರ್ ಗೇಮ್ ಫೆಸ್ಟ್, ಎಕ್ಸ್‌ಬಾಕ್ಸ್‌ನವರ ಶೋ. ಡಿಸೆಂಬರಲ್ಲಿ ದಿ ಗೇಮ್ ಅವಾರ್ಡ್ಸ್. ಜೂನ್ ಶೋ ಲಾಸ್ ಏಂಜಲೀಸ್‌ನಲ್ಲಿ ಬೆಳಗ್ಗೆ ಹತ್ತಕ್ಕೆ ಶುರುವಾದರೆ ನಮಗೆ ರಾತ್ರಿ ಹತ್ತೂವರೆ. ಜೂನ್ ಅಂದರೆ ಮಲೆನಾಡಲ್ಲಿ ಮಳೆ ಹಿಡಿಯುವ ಹೊತ್ತು. ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ಹುಡುಗರು ಅದಕ್ಕೂ ತಯಾರಾಗಿಯೇ ಕೂತಿರುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಹುಡುಗರು ‘ಹೈಪ್’ ಅನ್ನುವುದನ್ನು ಎರಡು ಥರ ಬಳಸುತ್ತಾರೆ. “ಈ ಗೇಮ್‌ಗೆ ಹೈಪ್ ಜಾಸ್ತಿ ಆಯ್ತು” ಅನ್ನುವುದು ಒಂದು. “ನಾನಂತೂ ಫುಲ್ ಹೈಪ್ ಆಗಿದೀನಿ” ಅನ್ನುವುದು ಇನ್ನೊಂದು. ಮೊದಲನೆಯದು ಕಂಪನಿ ಎಬ್ಬಿಸಿದ್ದು. ಎರಡನೆಯದು ಆಡುವವನ ಒಳಗೆ ಎದ್ದಿದ್ದು. ಎರಡಕ್ಕೂ ಒಂದೇ ಕನ್ನಡ ಪದ ಹುಡುಕುವುದು ಸುಮ್ನೆ ಒದ್ದಾಟ ಅಂತ ನನಗನ್ನಿಸುತ್ತದೆ.

ಮೊದಲನೆಯದಕ್ಕೆ ನಮ್ಮಲ್ಲಿ ಮಾತು ಧಾರಾಳವಾಗಿವೆ. ‘ಬಿಲ್ಡಪ್’ ಇಂಗ್ಲಿಷಿನಿಂದ ಬಂದಿದ್ದೇ ಇರಬಹುದು, ಆದರೆ “ಸುಮ್ನೆ ಬಿಲ್ಡಪ್ ಕೊಡಬೇಡ” ಅನ್ನುವಾಗ ಅದು ಪೂರ್ತಿ ಕನ್ನಡದ್ದೇ. ಸೈಬರ್‌ಪಂಕ್ 2077 ನೋಡಿ. 2013ರಲ್ಲಿ ಮೊದಲ ತುಣುಕು ಬಿಟ್ಟರು. 2019ರ ಇ ತ್ರೀ ವೇದಿಕೆಗೆ ಹಾಲಿವುಡ್ ನಟ ಕಿಯಾನು ರೀವ್ಸ್‌ನನ್ನೇ ಕರೆತಂದರು. 2020ರ ಡಿಸೆಂಬರ್ 10ಕ್ಕೆ ಗೇಮ್ ಬಂತು. ಸೋನಿಯ ಹಳೆಯ ಗೇಮ್ ಯಂತ್ರ ಪ್ಲೇಸ್ಟೇಷನ್ 4ರಲ್ಲಿ ಎಷ್ಟು ಮುಗ್ಗರಿಸಿತು ಅಂದರೆ, ಸುಮಾರು ಒಂದು ವಾರದಲ್ಲಿ ಸೋನಿಯವರು ಅದನ್ನು ತಮ್ಮ ಆನ್‌ಲೈನ್ ಅಂಗಡಿಯಿಂದಲೇ ತೆಗೆದು ದುಡ್ಡು ವಾಪಸ್ ಕೊಟ್ಟರು. ಇಲ್ಲಿ ‘ಬಿಲ್ಡಪ್’ಗಿಂತ ಒಳ್ಳೆಯ ಪದ ಬೇಡ.

‘ಹವಾ’ದ ದಾರಿ ಬೇರೆ. ಅದರಲ್ಲಿ ಮೋಸದ ವಾಸನೆ ಇಲ್ಲ. ಜಿಟಿಎ 6 ಅನ್ನುವ ಗೇಮ್‌ನ ಮೊದಲ ಟ್ರೈಲರ್ 2023ರ ಡಿಸೆಂಬರಲ್ಲಿ ಬಂತು. 2025ಕ್ಕೆ ಅಂದರು, ಆಮೇಲೆ 2026ರ ಮೇ 26 ಅಂದರು, ಅದೂ ಹೋಗಿ ನವೆಂಬರ್ 19 ಅಂದರು. ಹವಾ ಮಾತ್ರ ಇಳಿಯಲಿಲ್ಲ.

ತೊಡಕು ಇರುವುದು ಎರಡನೆಯ ಅರ್ಥದಲ್ಲಿ. ಹಾಲೋ ನೈಟ್: ಸಿಲ್ಕ್‌ಸಾಂಗ್ ಅಂತ ಒಂದು ಗೇಮ್. ಮಾಡಿದವರು ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಅನ್ನುವ ಪುಟ್ಟ ತಂಡ. ಗೇಮ್ ಬರುತ್ತದೆ ಅಂತ 2019ರ ಫೆಬ್ರವರಿಯಲ್ಲಿ ಹೇಳಿದವರು, ಆಮೇಲೆ ವರ್ಷಗಟ್ಟಲೆ ಬಾಯಿ ಬಿಟ್ಟಿದ್ದೇ ಅಪರೂಪ. ಬಿಲ್ಡಪ್ ಇಲ್ಲ, ಜಾಹೀರಾತು ಇಲ್ಲ. ಆದರೂ ಯಾವ ಕಂಪನಿಯ ಶೋ ಇರಲಿ, ಪಕ್ಕದ ಚಾಟ್‌ನಲ್ಲಿ ಜನ ಸಿಲ್ಕ್‌ಸಾಂಗ್, ಸಿಲ್ಕ್‌ಸಾಂಗ್ ಅಂತ ಜಪ ಮಾಡುತ್ತಿದ್ದರು. ಪ್ರತಿ ಸಲ ನಂಬಿ ಕೂರುವುದು, ಬರದೇ ಇದ್ದಾಗ ಜೋಕರ್ ಬಣ್ಣ ಬಳಿದ ಮುಖದ ಚಿತ್ರ ಹಾಕಿಕೊಂಡು ತಮ್ಮನ್ನೇ ಗೇಲಿ ಮಾಡಿಕೊಳ್ಳುವುದು. ಹಾಗಾದರೆ ಈ ಹೈಪ್ ಎಬ್ಬಿಸಿದ್ದು ಯಾರು? ಕಂಪನಿಯಂತೂ ಅಲ್ಲ. ಇದಕ್ಕೆ ‘ಹವಾ’ ಅಂದರೆ ಅರ್ಧ ಮಾತು ಹೇಳಿದಂತೆ, ‘ಬಿಲ್ಡಪ್’ ಅಂದರೆ ಸುಳ್ಳೇ ಆಗುತ್ತದೆ.

2025ರ ಜೂನ್ 8, ಭಾನುವಾರ. ಹುಡುಗರು ನಮ್ಮ ಮನೆಗೇ ಬಂದಿದ್ದರು. ಎಕ್ಸ್‌ಬಾಕ್ಸ್ ಶೋ. ಜಗಲಿಯ ಮೇಲೆ ಲ್ಯಾಪ್‌ಟಾಪ್, ಸುತ್ತ ಹುಡುಗರು, ನಡುವೆ ಮಂಡಕ್ಕಿ ಡಬ್ಬ. ಕೈಯಲ್ಲಿ ಹಿಡಿದು ಆಡುವ ಹೊಸ ಯಂತ್ರವೊಂದನ್ನು ತೋರಿಸುವಾಗ ಸಿಲ್ಕ್‌ಸಾಂಗ್ ಒಂದು ಚೂರು ಕಾಣಿಸಿತು. ಅಷ್ಟೇ. ಒಬ್ಬ ಎದ್ದು ನಿಂತ, ಮಂಡಕ್ಕಿ ಚೆಲ್ಲಿತು. ಇನ್ನೊಬ್ಬ ತೀರ್ಥಹಳ್ಳಿ ಕಡೆಯವನು, “ಎಂತ ಸಾವು ಮಾರಾಯ, ಡೇಟ್ ಹೇಳಲ್ವನಾ ಇವ್ರು!” ಅಂತ ತಲೆ ಚಚ್ಚಿಕೊಂಡ. ನಮ್ಮ ಹುಡುಗ ಏನೂ ಹೇಳದೆ ಆ ತುಣುಕನ್ನು ಹಿಂದಕ್ಕೆ ಎಳೆದು ಎಳೆದು ನೋಡಿದ. ಆಗ ಅಡುಗೆಮನೆ ಬಾಗಿಲಲ್ಲಿ ನಿಂತ ನನ್ನ ಅಮ್ಮ, “ಭಾರೀ ಉಮೇದು ನಿಮ್ಗೆ, ಪರೀಕ್ಷೆಗೆ ಇದ್ರಾಗಿತ್ತು” ಅಂದರು. ಈ ಪದ ನನ್ನ ತಲೆಗೆ ಹೊಕ್ಕಿದ್ದು ಅಲ್ಲಿಂದ.

(ಗೇಮ್ ಕೊನೆಗೂ ಬಂತು, ಸೆಪ್ಟೆಂಬರ್ 4ಕ್ಕೆ, ನಮ್ಮ ಸಂಜೆ ಏಳೂವರೆಗೆ. ಜನ ನುಗ್ಗಿದ ರಭಸಕ್ಕೆ ಸ್ಟೀಮ್ ಸೇರಿ ಕೆಲವು ಆನ್‌ಲೈನ್ ಅಂಗಡಿಗಳು ಸ್ವಲ್ಪ ಹೊತ್ತು ಮಲಗಿಬಿಟ್ಟವು.)

ಬೇರೆ ಪದಗಳನ್ನೂ ತೂಗಿ ನೋಡಿದ್ದೇನೆ. ‘ಕಾತರ’ ಅಂದರೆ ಹುಡುಗ ನಗುತ್ತಾನೆ. ‘ತವಕ’ ಚೆಂದ, ಆದರೆ ಅದು ಬಾಗಿಲ ಬಳಿ ನಿಂತವನದು. ಆರು ವರ್ಷ ತವಕ ಪಡಲು ಯಾರಿಗಾಗುತ್ತದೆ? ‘ಹಪಹಪಿ’ಯಲ್ಲಿ ಆಸೆಬುರುಕತನ ಇದೆ. ‘ಹುರುಪು’, ‘ಹುಮ್ಮಸ್ಸು’ ಎರಡೂ ಕೆಲಸಕ್ಕೆ ಇಳಿದವನಿಗೆ ಸೇರಿದ್ದು. ಕಾಯುತ್ತಾ ಕೂತವನಿಗೆ ಎಂತಹ ಹುರುಪು?

‘ಉಮೇದು’ ಏರುತ್ತದೆ, ಇಳಿಯುತ್ತದೆ, ಒಮ್ಮೊಮ್ಮೆ ಪೂರ್ತಿ ಹೋಗಿಬಿಡುತ್ತದೆ. ಹೈಪ್ ಕೂಡ ಹಾಗೆಯೇ ಅಲ್ವಾ? ಮೂಲದಲ್ಲಿ ಇದು ಪಾರಸಿಯ ‘ಉಮೀದ್’, ಅಂದರೆ ಭರವಸೆ. ಚುನಾವಣೆಯ ‘ಉಮೇದುವಾರ’ ಕೂಡ ಇದೇ ಮನೆಯವನು, ಗೆಲ್ಲುವ ಆಸೆ ಇಟ್ಟುಕೊಂಡವನು. ಇನ್ನೊಂದು ಗುಣ ನನಗೆ ಮುಖ್ಯ. ಅಮ್ಮ ಹೇಳಿದ ಹಾಗೆ “ಭಾರೀ ಉಮೇದು” ಅಂದಾಗ ಅದರಲ್ಲೊಂದು ಕುಶಾಲು ಇರುತ್ತದೆ. ಜೋಕರ್ ಮುಖ ಹಾಕಿಕೊಳ್ಳುವವರಿಗೆ ಆ ಕುಶಾಲೂ ಬೇಕು.

ಅನುಮಾನ ಏನೆಂದರೆ, ನಮ್ಮ ಕಡೆ ಉಮೇದಿಗೆ ಸಾಮಾನ್ಯವಾಗಿ ಒಂದು ಕೆಲಸ ಜೊತೆಗಿರುತ್ತದೆ. “ಆಟ ನೋಡಲು ಹೋಗುವ ಉಮೇದು”, “ಕೆಲಸ ಮಾಡೋಕೆ ಉಮೇದೇ ಇಲ್ಲ” ಅನ್ನುತ್ತೇವೆ. “ಸಿಲ್ಕ್‌ಸಾಂಗ್ ಆಡುವ ಉಮೇದು” ಸರಿಯಾಗಿ ಕೂರುತ್ತದೆ. ಬರೀ “ಸಿಲ್ಕ್‌ಸಾಂಗ್ ಉಮೇದು” ಅಂದರೆ ಕಿವಿಗೆ ಹೇಗೆ ಕೇಳುತ್ತದೆ? “ನಂಗೆ ಉಮೇದು ಬಂದಿದೆ” ಅಂದರೆ ಈಗಲೇ ಎದ್ದು ಹೊರಟಂತೆ. “ಉಮೇದಲ್ಲಿ ಇದೀನಿ” ಅಂದರೆ ಹೈಪ್ ಆದವನ ಸ್ಥಿತಿಗೆ ಹತ್ತಿರ ಅನ್ನಿಸುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದು ಗಂಟು, ‘ಟೀಸರ್’. ಇಲ್ಲಿ ನನ್ನ ಬಳಿ ಎರಡು ಮಾತಿವೆ, ಎರಡನ್ನೂ ಉಳಿಸಿಕೊಳ್ಳುವ ಆಸೆ. 2018ರ ಇ ತ್ರೀಯಲ್ಲಿ ಎಲ್ಡರ್ ಸ್ಕ್ರೋಲ್ಸ್ 6 ಬರುತ್ತದೆ ಅಂತ ಅರ್ಧ ನಿಮಿಷ ಬರೀ ಗುಡ್ಡ ತೋರಿಸಿ ಹೆಸರು ಹಾಕಿದರು. ಅದಕ್ಕೂ ಹಿಂದಿನ ವರ್ಷ ಮೆಟ್ರಾಯ್ಡ್ ಪ್ರೈಮ್ 4ಕ್ಕೆ ಹೆಸರಿನ ಗುರುತು ಮಾತ್ರ ತೋರಿಸಿದ್ದರು. 2019ರಲ್ಲಿ ಅದರ ಕೆಲಸವನ್ನೇ ಮೊದಲಿನಿಂದ ಶುರು ಮಾಡಿ, ಗೇಮ್ ಕೈಗೆ ಬಂದಿದ್ದು 2025ರ ಡಿಸೆಂಬರಲ್ಲಿ. ಇದು ಅಪ್ಪಟ ‘ಮೂಗಿಗೆ ತುಪ್ಪ ಸವರುವುದು’. ವಾಸನೆ ಸಿಕ್ಕಿತು, ನಾಲಿಗೆಗೆ ಏನೂ ಇಲ್ಲ. “ಗುಡ್ಡ ನೋಡೋಕೆ ಕೊಡಚಾದ್ರಿಗೇ ಹೋಗಬಹುದಿತ್ತಲ್ಲ” ಅಂತ ನಾನು ಅಡಿಬರಹದಲ್ಲಿ ಸೇರಿಸಿದ್ದನ್ನು ಹುಡುಗರು ಹಾಗೇ ಉಳಿಸಿಕೊಂಡರು.

ಆದರೆ ಎಲ್ಲ ಟೀಸರೂ ಹಾಗಲ್ಲ. ಕೆಲವರು ನಿಜವಾದ ಆಟವನ್ನೇ ಸ್ವಲ್ಪ ಸ್ವಲ್ಪ ಬಿಚ್ಚುತ್ತಾರೆ. ಯಕ್ಷಗಾನದಲ್ಲಿ ರಾಕ್ಷಸ ವೇಷದ ಒಡ್ಡೋಲಗ ನೋಡಿದವರಿಗೆ ಇದು ಹೊಸದಲ್ಲ. ಇಬ್ಬರು ತೆರೆ ಹಿಡಿದಿರುತ್ತಾರೆ, ಚಂಡೆ ಏರುತ್ತದೆ, ಮೊದಲು ಕಿರೀಟ, ಆಮೇಲೆ ಅರ್ಧ ಮುಖ. ವೇಷ ಮಾತ್ರ ತೆರೆಯ ಹಿಂದೆ ಖಂಡಿತ ಇರುತ್ತದೆ. ಅಂಥ ಟೀಸರ್‌ಗೆ ‘ತೆರೆ ಕುಣಿತ’ ಅಂದರೆ ಜಾಸ್ತಿ ಆಯಿತಾ? ಮಲೆನಾಡು, ಕರಾವಳಿಯವರಿಗೆ ತಿಳಿಯುತ್ತದೆ. ಚಿತ್ರದುರ್ಗ, ಬಳ್ಳಾರಿಯವರಿಗೆ?

ಉಳಿದವು ಸಲೀಸಾಗಿ ಬಂದವು. ಗೇಮ್ ಬರುವ ಮೊದಲೇ ದುಡ್ಡು ಕಟ್ಟಿದವರಿಗೆ ‘ಕೂಸು ಹುಟ್ಟೋ ಮುಂಚೆ ಕುಲಾವಿ’. ವಾಚ್ ಡಾಗ್ಸ್ 2012ರಲ್ಲಿ ತೋರಿಸಿದ ಚಿತ್ರದ ಹೊಳಪು 2014ರಲ್ಲಿ ಕೈಗೆ ಬಂದ ಗೇಮ್‌ನಲ್ಲಿ ಇರಲಿಲ್ಲ ಅಂತ ಜನ ಬೈದರಲ್ಲ, ಅದಕ್ಕೆ ‘ದೂರದ ಬೆಟ್ಟ’. ವಿವರಿಸುವ ಕೆಲಸವೇ ಬರಲಿಲ್ಲ.

ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ. 2018ರ ಬ್ಲಿಝ್‌ಕಾನ್‌ನಲ್ಲಿ (ಬ್ಲಿಝರ್ಡ್ ಕಂಪನಿಯ ಜಾತ್ರೆ) ಡಯಾಬ್ಲೋ ಇಮ್ಮಾರ್ಟಲ್ ಅನ್ನುವ ಗೇಮ್ ಫೋನಿಗೆ ಮಾತ್ರ ಬರುತ್ತದೆ ಅಂದಾಗ, ಕಂಪ್ಯೂಟರಲ್ಲಿ ಆಡಿ ರೂಢಿಯಾದ ಸಭೆಯವರು ‘ಬೂ’ ಅಂತ ಕೂಗಿದರು. ವೇದಿಕೆಯ ಮೇಲಿದ್ದವರು “ಯಾಕೆ, ನಿಮ್ಮ ಹತ್ರ ಫೋನ್ ಇಲ್ವಾ?” ಅಂದುಬಿಟ್ಟರು. ಫೋನ್ ಬಿಟ್ಟರೆ ಬೇರೆ ಯಾವುದರಲ್ಲೂ ಗೇಮ್ ಆಡದ ನಮ್ಮೂರಿನ ಮಕ್ಕಳಿಗೆ ಆ ಸಿಟ್ಟೇ ಅರ್ಥವಾಗುವುದಿಲ್ಲ, ಅದಿರಲಿ. ಈ ‘ಬೂ’ಗೆ ಏನು ಬರೆಯಲಿ? ‘ಛೀಮಾರಿ’ ಹಿರಿಯರು ಹಾಕುವುದು. ‘ಧಿಕ್ಕಾರ’ ಮೆರವಣಿಗೆಯದು. ಟೆಂಟ್ ಸಿನಿಮಾದಲ್ಲಿ ರೀಲು ಕಡಿದಾಗ ಜನ ‘ಹೋ’ ಅಂತ ಕೂಗುತ್ತಿದ್ದರು, ಸದ್ಯಕ್ಕೆ ಅದನ್ನೇ ಹಾಕಿದ್ದೇನೆ.

ನಿಮ್ಮ ಕಡೆ, ಅದರಲ್ಲೂ ಮೈಸೂರು, ಮಂಡ್ಯ ಕಡೆ, ‘ಉಮೇದು’ ಮಾತಿನಲ್ಲಿ ಬಳಕೆ ಇದೆಯಾ, ಇಲ್ಲ ಓದಿದರೆ ಮಾತ್ರ ತಿಳಿಯುವ ಪದವಾ? ಧಾರವಾಡದವರು ‘ಉಮೇದಿ’ ಅಂದಾಗ ಅರ್ಥ ಇದೇನಾ? ಮನೆಯಲ್ಲಿ ಹೇಗೆ ಅನ್ನುತ್ತೀರೋ ಹಾಗೇ ಒಂದು ವಾಕ್ಯ ಬರೆದು ಕಳಿಸಿ. ನಿಘಂಟು ನನ್ನ ಹತ್ತಿರವೂ ಇದೆ.