ಅಪ್‌ಡೇಟ್: ಆಲ್ಕೋಹಾಲ್ ಇಂಕ್‌ನಲ್ಲಿ ಮಂಜಿನ ಬೆಟ್ಟಗಳು ಕೊನೆಗೂ ಬಂದವು

ಆಲ್ಕೋಹಾಲ್ ಇಂಕ್‌ನಲ್ಲಿ (ಆಲ್ಕೋಹಾಲ್‌ನಲ್ಲಿ ಕಲಸಿದ, ಬೇಗ ಒಣಗುವ ಬಣ್ಣ) ಮುಳ್ಳಯ್ಯನಗಿರಿ ಸಾಲಿನ ಮಂಜು ಬಿಡಿಸಲು ಹೋದರೆ ಬಣ್ಣಗಳೆಲ್ಲ ಸೇರಿ ಕೆಸರಾಗುತ್ತಿವೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಈಗ ಸರಿಹೋಗಿದೆ.

ಕೆಲಸ ಮಾಡಿದ್ದು, ಇಂಕ್ ತೆಳು ಮಾಡಿ ಹರಡಲು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಬದಲಿಸುವ ಸಲಹೆ. ನನ್ನ ಹತ್ತಿರ ಇದ್ದದ್ದು 70%, ಉಳಿದದ್ದು ನೀರು. 99% ತಂದ ಮೇಲೆ ಇಂಕ್ ಚೆನ್ನಾಗಿ ಹರಡಿ ಬೇಗ ಒಣಗುತ್ತಿದೆ. ಜೊತೆಗೆ ನೀಲಿ, ಹಸಿರು ಎರಡನ್ನೇ ಇಟ್ಟುಕೊಂಡೆ. ದೂರದ ಬೆಟ್ಟ ತೆಳುವಾಗಿ ಮೊದಲು, ಅದು ಪೂರ್ತಿ ಒಣಗಿದ ಮೇಲೆ ಹತ್ತಿರದ್ದು ಗಾಢವಾಗಿ. ಹೇರ್ ಡ್ರೈಯರ್‌ನ ತಣ್ಣನೆ ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಬಿಟ್ಟರೆ ಇಂಕ್‌ನ ಅಂಚು ತಾನೇ ಬೆಟ್ಟದ ಏಣಿನ ಹಾಗೆ ನಿಲ್ಲುತ್ತದೆ. ಎಷ್ಟು ಚಂದ ಅಂದ್ರೆ, ಬ್ರಶ್ಶಿನಲ್ಲಿ ಅಂಥ ಗೆರೆ ಬರುವುದೇ ಇಲ್ಲ.

ಫೋಟೋ ಪೇಪರ್ ಸಲಹೆ ನನಗೆ ಆಗಲಿಲ್ಲ, ಇಂಕ್ ಹೀರಿಕೊಂಡುಬಿಟ್ಟಿತು. ಯೂಪೊ (ಇಂಕ್ ಹೀರದ ಪ್ಲಾಸ್ಟಿಕ್ ಕಾಗದ) ದುಬಾರಿ. ಅಭ್ಯಾಸಕ್ಕೆ ಬಿಳಿ ಗ್ಲೇಜ್ಡ್ ಟೈಲ್ಸ್ ಸಾಕು, ಒರೆಸಿ ಮತ್ತೆ ಬಳಸಬಹುದು.

ಆಶ್ಚರ್ಯ ಆಗಿದ್ದು ಇದು: ಒಣಗಿದ ಇಂಕ್ ಆಲ್ಕೋಹಾಲ್ ತಾಗಿದರೆ ಮತ್ತೆ ಕರಗುತ್ತದೆ. ಕಾಟನ್ ಬಡ್ ಸ್ವಲ್ಪ ಒದ್ದೆ ಮಾಡಿ ಬೆಟ್ಟದ ಬುಡದಲ್ಲಿ ಒತ್ತಿ ತೆಗೆದರೆ ಅಲ್ಲೇ ಮಂಜು! ಇದೇ ಕಾರಣಕ್ಕೆ ವಾರ್ನಿಷ್ ಬ್ರಶ್ಶಿನಲ್ಲಿ ಬಳಿಯಬೇಡಿ, ಇಂಕ್ ಎಳೆದುಕೊಂಡು ಬರಬಹುದು. ತೆಳುವಾಗಿ ಸ್ಪ್ರೇ ಮಾಡಿ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ಬಣ್ಣ ಮಾಸುತ್ತದೆ.

ಕಿಟಕಿ ತೆರೆದಿಡಿ, ಹತ್ತಿರ ದೀಪ, ಗ್ಯಾಸ್ ಒಲೆ ಬೇಡ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.